ವಿಮಾನ ಪ್ರಯಾಣದಲ್ಲಿ ಕ್ಯಾಮೆರಾ ಸಲಕರಣೆಗಳ ರಕ್ಷಣೆ: ಗಡಿನಾಡಿನ ಕುಟುಂಬಗಳಿಗೊಂದು ಕೈಪಿಡಿ

ಗಡಿನಾಡಿನ ಕನ್ನಡ ಕುಟುಂಬಗಳಿಗೆ ವಿಮಾನ ಪ್ರಯಾಣ ಇಂದು ಅಪರೂಪದ ಸಂಗತಿಯಲ್ಲ. ಕಾಸರಗೋಡಿನವರಿಗೆ ಮಂಗಳೂರು ಮತ್ತು ಕಣ್ಣೂರು ನಿಲ್ದಾಣಗಳು, ತಾಳವಾಡಿ ಹಾಗೂ ನೀಲಗಿರಿಯವರಿಗೆ ಕೊಯಮತ್ತೂರು, ಹೊಸೂರು ಮತ್ತು ಮಡಕಶಿರದವರಿಗೆ ಬೆಂಗಳೂರು ಹತ್ತಿರದವು. 2025ರ ಜೂನ್ ತಿಂಗಳಿನಿಂದ ಸೊಲ್ಲಾಪುರದಿಂದ ಗೋವಾಕ್ಕೂ ವಿಮಾನ ಹಾರತೊಡಗಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ತಂದೆ ರಜೆಗೆ ಬರುವಾಗ, ಯಕ್ಷಗಾನದ ತಂಡ ದೂರದ ಊರಿಗೆ ಹೋಗುವಾಗ, ಶಾಲೆಯ ಮಕ್ಕಳು ಸ್ಪರ್ಧೆಗೆಂದು ದೆಹಲಿಗೆ ಹೊರಟಾಗ ಯಾರಾದರೊಬ್ಬರ ಹೆಗಲಲ್ಲಿ ಕ್ಯಾಮೆರಾ ಇದ್ದೇ ಇರುತ್ತದೆ.

ಆ ಕ್ಯಾಮೆರಾದ ಬೆಲೆ ಅನೇಕ ಮನೆಗಳಲ್ಲಿ ಹಲವು ತಿಂಗಳ ಉಳಿತಾಯಕ್ಕೆ ಸಮ. ಅದರೊಳಗಿನ ಚಿತ್ರಗಳಿಗಂತೂ ಬೆಲೆ ಕಟ್ಟಲಾಗದು. ಶಾಲೆಯ ವಾರ್ಷಿಕೋತ್ಸವ, ಹಿರಿಯರೊಬ್ಬರ ಸಂದರ್ಶನ, ಮಕ್ಕಳಿಲ್ಲದೆ ಬೀಗ ಬಿದ್ದ ಕನ್ನಡ ಶಾಲೆಯ ಕಟ್ಟಡ, ಇವುಗಳನ್ನು ಮತ್ತೊಮ್ಮೆ ಚಿತ್ರೀಕರಿಸುವ ಅವಕಾಶ ದೊರೆಯದಿರಬಹುದು. ವಿಮಾನ ನಿಲ್ದಾಣದ ನಿಯಮಗಳಾದರೋ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ನಾವು ನೆಲೆಸಿರುವ ರಾಜ್ಯದ ಭಾಷೆಯಲ್ಲಿ ಇರುತ್ತವೆ. ಆದ್ದರಿಂದ ಈ ವಿಷಯದಲ್ಲಿ ಅವಶ್ಯವಾಗಿ ತಿಳಿದಿರಬೇಕಾದ ಸಂಗತಿಗಳನ್ನು ಕನ್ನಡದಲ್ಲಿ ಒಂದೆಡೆ ಕ್ರೋಡೀಕರಿಸಿ ಇಲ್ಲಿ ಕೊಡುತ್ತಿದ್ದೇವೆ.

ಯಾವ ವಸ್ತು ಯಾವ ಚೀಲದಲ್ಲಿ?

ವಿಮಾನದ ಸಾಮಾನಿನಲ್ಲಿ ಎರಡು ಬಗೆ. ಕೌಂಟರಿನಲ್ಲಿ ಒಪ್ಪಿಸಿ, ಇಳಿದ ಮೇಲೆ ಬೆಲ್ಟಿನಿಂದ ತೆಗೆದುಕೊಳ್ಳುವುದು ಚೆಕ್-ಇನ್ ಸಾಮಾನು. ನಮ್ಮೊಡನೆಯೇ ಒಳಗೆ ಬರುವುದು ಕೈಚೀಲ. ಚೆಕ್-ಇನ್ ಸಾಮಾನು ಬೆಲ್ಟುಗಳ ಮೇಲೆ ಉರುಳುತ್ತದೆ, ಟ್ರಾಲಿಗಳಲ್ಲಿ ಒಂದರ ಮೇಲೊಂದು ಪೇರಿಸಲ್ಪಡುತ್ತದೆ, ಮಳೆಯಲ್ಲಿ ಕೆಲವು ನಿಮಿಷ ನೆನೆಯಲೂಬಹುದು. ಗಾಜಿನಿಂದಲೂ ಸೂಕ್ಷ್ಮ ಯಂತ್ರಭಾಗಗಳಿಂದಲೂ ಕೂಡಿದ ಕ್ಯಾಮೆರಾಕ್ಕೆ ಅದು ತಕ್ಕ ಸ್ಥಳವಲ್ಲ. ಬೆಲೆಬಾಳುವ ಮತ್ತು ಒಡೆಯುವ ವಸ್ತುಗಳನ್ನು ಚೆಕ್-ಇನ್ ಮಾಡಬಾರದೆಂದೂ, ಮಾಡಿದರೆ ಹೊಣೆ ತಮ್ಮದಲ್ಲವೆಂದೂ ಬಹುತೇಕ ವಿಮಾನ ಸಂಸ್ಥೆಗಳು ತಮ್ಮ ಷರತ್ತುಗಳಲ್ಲಿಯೇ ಬರೆದಿರುತ್ತವೆ.

ಆದುದರಿಂದ ಹಂಚಿಕೆ ಹೀಗಿರಲಿ:

- ಕೈಚೀಲದಲ್ಲಿ: ಕ್ಯಾಮೆರಾ, ಲೆನ್ಸುಗಳು, ಫ್ಲ್ಯಾಶ್, ಎಲ್ಲ ಬಿಡಿ ಬ್ಯಾಟರಿಗಳು, ಪವರ್ ಬ್ಯಾಂಕ್, ಹಾರ್ಡ್ ಡಿಸ್ಕ್.
- ಚೆಕ್-ಇನ್ ಸಾಮಾನಿನಲ್ಲಿ: ಟ್ರೈಪಾಡ್, ಲೈಟ್ ಸ್ಟ್ಯಾಂಡ್, ಸ್ಕ್ರೂಡ್ರೈವರಿನಂತಹ ಉಪಕರಣಗಳು, ಚಾರ್ಜರಿನ ಉದ್ದ ತಂತಿಗಳು.
- ಮೈಮೇಲೆ, ಜೇಬಿನಲ್ಲಿ: ಚಿತ್ರಗಳು ತುಂಬಿದ ಮೆಮೊರಿ ಕಾರ್ಡುಗಳು.

ಟ್ರೈಪಾಡನ್ನು ಕೆಲವು ನಿಲ್ದಾಣಗಳಲ್ಲಿ ಕೈಚೀಲದೊಡನೆ ಬಿಡುತ್ತಾರೆ, ಕೆಲವೆಡೆ ಬಿಡುವುದಿಲ್ಲ. ಕೌಂಟರ್ ದಾಟಿ ತಪಾಸಣೆಯವರೆಗೆ ಹೋದ ಮೇಲೆ ತಡೆದರೆ ಹಿಂದಿರುಗುವುದು ಕಷ್ಟ. ಅದರ ತಲೆಯನ್ನು ಬಿಚ್ಚಿ ಬಟ್ಟೆಗಳ ನಡುವೆ ಸುತ್ತಿ ಚೆಕ್-ಇನ್ ಮಾಡುವುದೇ ಸುರಕ್ಷಿತ ಮಾರ್ಗ.

ತೂಕ ಮತ್ತು ಅಳತೆ

ದೇಶದೊಳಗಿನ ಪ್ರಯಾಣದ ಸಾಮಾನ್ಯ ದರ್ಜೆಯಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೋ. ಅಳತೆಯ ಮಿತಿ ಸುಮಾರು 55 × 35 × 25 ಸೆಂಟಿಮೀಟರ್, ಅಂದರೆ ಮೂರೂ ಸೇರಿ 115 ಸೆಂಟಿಮೀಟರ್. ಟಿಕೆಟಿನಲ್ಲಿ ಬರೆದಿರುವ ಮಿತಿಯನ್ನೇ ಅಂತಿಮವೆಂದು ತಿಳಿಯಬೇಕು.

ಇಲ್ಲಿ ಅನೇಕರು ಚೀಲದ ಸ್ವಂತ ತೂಕವನ್ನು ಮರೆಯುತ್ತಾರೆ. ಛಾಯಾಗ್ರಾಹಕರ ನಡುವೆ ಹೆಸರಾದ ಪೆಲಿಕನ್ 1510 ಎಂಬ ಗಟ್ಟಿ ಪೆಟ್ಟಿಗೆಯನ್ನು ಉದಾಹರಣೆಯಾಗಿ ನೋಡೋಣ. ಅಳತೆಯಲ್ಲಿ ಅದು ಕೈಚೀಲದ ಮಿತಿಗೆ ಬಹಳ ಹತ್ತಿರದ್ದು. ಆದರೆ ಖಾಲಿ ಇರುವಾಗಲೇ ಅದರ ತೂಕ 5 ಕಿಲೋಗೂ ಹೆಚ್ಚು. 7 ಕಿಲೋ ಮಿತಿಯಲ್ಲಿ ಉಳಿಯುವುದು ಒಂದು ಕ್ಯಾಮೆರಾ ಮತ್ತು ಒಂದು ಲೆನ್ಸಿನಷ್ಟು ಜಾಗ ಮಾತ್ರ. ಹೀಗಾಗಿ ನಮ್ಮ ದೇಶದ ಪ್ರಯಾಣಕ್ಕೆ ಒಳಗೆ ಮೆತ್ತನೆಯ ವಿಭಾಗಗಳಿರುವ, ಒಂದೂವರೆ ಕಿಲೋ ಒಳಗಿನ ಬೆನ್ನುಚೀಲವೇ ಹೆಚ್ಚು ಅನುಕೂಲ. ಗಟ್ಟಿ ಪೆಟ್ಟಿಗೆ ಅನಿವಾರ್ಯವಾಗಿ ಚೆಕ್-ಇನ್ ಮಾಡಬೇಕಾದ ಸಲಕರಣೆಗಿರಲಿ. ಮನೆಯ ತಕ್ಕಡಿಯಲ್ಲಿ ತುಂಬಿದ ಚೀಲವನ್ನು ಒಮ್ಮೆ ತೂಗಿಯೇ ಹೊರಡಬೇಕು.

ಬ್ಯಾಟರಿಗಳ ಲೆಕ್ಕ

ಈ ಭಾಗವನ್ನು ವಿಶೇಷ ಗಮನವಿಟ್ಟು ಓದಬೇಕೆಂದು ಕೋರುತ್ತೇವೆ. ಇಲ್ಲಿ ತಪ್ಪಿದರೆ ಸಲಕರಣೆಗಷ್ಟೇ ಅಲ್ಲ, ಪ್ರಾಣಗಳಿಗೂ ಅಪಾಯವುಂಟು. ಕ್ಯಾಮೆರಾದ ಬ್ಯಾಟರಿಗಳು ಲಿಥಿಯಂ-ಅಯಾನ್ ಜಾತಿಯವು. ಎರಡು ತುದಿಗಳು ಲೋಹಕ್ಕೆ ತಾಗಿ ಶಾರ್ಟ್ ಆದರೆ, ಅಥವಾ ಪೆಟ್ಟು ಬಿದ್ದರೆ, ಅವು ತಾವಾಗಿಯೇ ಕಾಯುತ್ತಾ ಹೋಗಿ ಹೊತ್ತಿಕೊಳ್ಳಬಲ್ಲವು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯು.ಪಿ.ಎಸ್. ಸಂಸ್ಥೆಯ ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿನ ನಡುವೆ ಬೆಂಕಿ ಎದ್ದು, ವಿಮಾನ ಪತನಗೊಂಡು ಇಬ್ಬರು ಪೈಲಟ್‌ಗಳು ಮೃತಪಟ್ಟರು. ಪ್ರಯಾಣಿಕರ ಕೋಣೆಯಲ್ಲಿ ಹೊಗೆ ಕಂಡರೆ ಸಿಬ್ಬಂದಿ ತಕ್ಷಣ ನಂದಿಸಬಹುದು. ಕೆಳಗಿನ ಸರಕು ಕೋಣೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಬಿಡಿ ಬ್ಯಾಟರಿ ಹಾಗೂ ಪವರ್ ಬ್ಯಾಂಕನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬಾರದೆಂಬ ನಿಯಮಕ್ಕೆ ಕಾರಣ ಇದೇ.

ಮಿತಿಯನ್ನು ವ್ಯಾಟ್-ಅವರ್ ಎಂಬ ಏಕಮಾನದಲ್ಲಿ ಹೇಳಲಾಗುತ್ತದೆ:

- 100 ವ್ಯಾಟ್-ಅವರ್‌ವರೆಗೆ: ಕೈಚೀಲದಲ್ಲಿ ಒಯ್ಯಬಹುದು.
- 100ಕ್ಕಿಂತ ಹೆಚ್ಚು, 160ರವರೆಗೆ: ವಿಮಾನ ಸಂಸ್ಥೆಯ ಮುಂಗಡ ಒಪ್ಪಿಗೆ ಬೇಕು, ಒಬ್ಬರಿಗೆ ಎರಡು ಬಿಡಿ ಬ್ಯಾಟರಿ ಮಾತ್ರ.
- 160ಕ್ಕಿಂತ ಹೆಚ್ಚು: ಪ್ರಯಾಣಿಕರು ಒಯ್ಯುವಂತಿಲ್ಲ.

ಪ್ರೌಢಶಾಲೆಯ ಮಕ್ಕಳು ಈ ಲೆಕ್ಕವನ್ನು ಮನೆಯವರಿಗೆ ಮಾಡಿಕೊಡಬಲ್ಲರು. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಆಯಿತು. 1,000 ಮಿಲಿ ಆಂಪಿಯರ್-ಅವರ್ ಎಂದರೆ 1 ಆಂಪಿಯರ್-ಅವರ್. ಕ್ಯಾನನ್ 200ಡಿ ಕ್ಯಾಮೆರಾದ ಬ್ಯಾಟರಿ 7.2 ವೋಲ್ಟ್, 1,040 ಮಿಲಿ ಆಂಪಿಯರ್-ಅವರ್. ಅಂದರೆ 7.2 × 1.04, ಸುಮಾರು 7.5 ವ್ಯಾಟ್-ಅವರ್. ಮಿತಿಗಿಂತ ಅದು ಬಹಳ ಕೆಳಗಿದೆ. 3.7 ವೋಲ್ಟಿನ 20,000 ಮಿಲಿ ಆಂಪಿಯರ್-ಅವರ್ ಪವರ್ ಬ್ಯಾಂಕ್ 74 ವ್ಯಾಟ್-ಅವರ್. ಅದೇ 30,000 ಆದರೆ 111, ಒಪ್ಪಿಗೆ ಬೇಕು. ಮದುವೆ ಚಿತ್ರೀಕರಣದವರು ವಿಡಿಯೊ ದೀಪಗಳಿಗೆ ಬಳಸುವ ದೊಡ್ಡ ಬ್ಯಾಟರಿಗಳಲ್ಲಿ ಕೆಲವು 160ನ್ನು ಮೀರುತ್ತವೆ, ಅವನ್ನು ತರಬಾರದು. ಅಂಕಿಗಳು ಅಳಿಸಿಹೋದ ಬ್ಯಾಟರಿಯನ್ನು ತಪಾಸಣೆಯವರು ತಡೆಯಬಹುದು. ಉಬ್ಬಿದ ಬ್ಯಾಟರಿಯನ್ನಂತೂ ಮನೆಯಿಂದ ಹೊರಡಿಸಲೇಬಾರದು.

ಪ್ರತಿ ಬಿಡಿ ಬ್ಯಾಟರಿಗೂ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಮುಚ್ಚಳ ಕಳೆದಿದ್ದರೆ ಲೋಹದ ತುದಿಗಳ ಮೇಲೆ ಟೇಪು ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಸಣ್ಣ ಚೀಲದಲ್ಲಿ ಇಡಿ. ಕೀಲಿಕೈ, ನಾಣ್ಯಗಳ ಜೊತೆ ಇಡಬೇಡಿ. ಪವರ್ ಬ್ಯಾಂಕನ್ನು ತಲೆಯ ಮೇಲಿನ ಗೂಡಿನಲ್ಲಿ ಇಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಒಳಿತು. ಎಮಿರೇಟ್ಸ್ ಸಂಸ್ಥೆ 2025ರ ಅಕ್ಟೋಬರ್ 1ರಿಂದ ಒಬ್ಬ ಪ್ರಯಾಣಿಕರಿಗೆ 100 ವ್ಯಾಟ್-ಅವರ್ ಒಳಗಿನ ಒಂದೇ ಪವರ್ ಬ್ಯಾಂಕಿಗೆ ಅವಕಾಶ ಕೊಟ್ಟು, ವಿಮಾನದೊಳಗೆ ಅದರ ಬಳಕೆಯನ್ನು ನಿಷೇಧಿಸಿದೆ. ದುಬೈ ಮಾರ್ಗವಾಗಿ ಬರುವವರು ಇದನ್ನು ನೆನಪಿಡಬೇಕು.

ಕಟ್ಟುವ ಕ್ರಮ

ಕ್ಯಾಮೆರಾಕ್ಕೆ ದೊಡ್ಡ ಲೆನ್ಸ್ ಹಾಕಿಯೇ ಚೀಲಕ್ಕಿಳಿಸಿದರೆ, ಚೀಲ ಬಿದ್ದಾಗ ಪೆಟ್ಟೆಲ್ಲ ಅವೆರಡರ ಕೂಡುಬಾಯಿಯ ಮೇಲೆ ಬೀಳುತ್ತದೆ. ಆದ್ದರಿಂದ ಬಿಚ್ಚಿ ಇಡುವುದು ಉತ್ತಮ. ಕ್ಯಾಮೆರಾದ ಬಾಯಿಗೆ ಮುಚ್ಚಳ, ಲೆನ್ಸಿನ ಎರಡೂ ತುದಿಗೆ ಮುಚ್ಚಳ ಇರಲೇಬೇಕು. ಲೆನ್ಸಿನ ಹುಡ್ ಅನ್ನು ತಿರುಗಿಸಿ ಹಾಕಿದರೆ ಜಾಗವೂ ಉಳಿಯುತ್ತದೆ. ಬಿಚ್ಚುವ ಕೆಲಸವನ್ನು ಮನೆಯೊಳಗೆ, ಫ್ಯಾನ್ ನಿಲ್ಲಿಸಿ ಮಾಡಿದರೆ ಸೆನ್ಸರಿಗೆ ದೂಳು ಸೇರುವುದು ಕಡಿಮೆ.

ಚೀಲದಲ್ಲಿ ವಸ್ತುಗಳು ಒಂದಕ್ಕೊಂದು ತಾಗಬಾರದು, ಅಲುಗಾಡಲೂಬಾರದು. ವಿಶೇಷ ಚೀಲ ಕೊಳ್ಳಲಾಗದವರು ಸಾಮಾನ್ಯ ಶಾಲಾ ಚೀಲದ ತಳಕ್ಕೂ ಬದಿಗೂ ಫೋಮ್ ಹಾಳೆ ಹಾಕಿ, ಪ್ರತಿ ಲೆನ್ಸನ್ನೂ ಶುಭ್ರವಾದ ದಪ್ಪ ಹತ್ತಿ ಟವೆಲಿನಲ್ಲಿ ಸುತ್ತಿ ಇಟ್ಟರೆ ಕೆಲಸ ನಡೆಯುತ್ತದೆ. ಹೊರಗಿನಿಂದ ಕ್ಯಾಮೆರಾ ಕಂಪನಿಯ ಹೆಸರು ಕಾಣದ ಚೀಲ ಕಳ್ಳರ ಕಣ್ಣನ್ನು ಸೆಳೆಯುವುದಿಲ್ಲ ಎಂಬುದೂ ಒಂದು ಲಾಭ. ಚೀಲದ ಒಳಗೂ ಹೊರಗೂ ಹೆಸರು ಮತ್ತು ದೂರವಾಣಿ ಸಂಖ್ಯೆಯ ಚೀಟಿ ಇರಲಿ.

ದೊಡ್ಡ ಸಲಕರಣೆಯನ್ನು ಚೆಕ್-ಇನ್ ಮಾಡಲೇಬೇಕಾದರೆ ಫೋಮ್ ತುಂಬಿದ ಗಟ್ಟಿ ಪೆಟ್ಟಿಗೆ ಬೇಕು. ಗಾಳಿ ಒಳಗೆ ಹೋಗದಂತೆ ಮುಚ್ಚಿಕೊಳ್ಳುವ ಪೆಟ್ಟಿಗೆಗಳಲ್ಲಿ ಒತ್ತಡ ಸರಿದೂಗಿಸುವ ಸಣ್ಣ ಕವಾಟ ಇರುತ್ತದೆ. ಅದು ಕೆಟ್ಟಿದ್ದರೆ ಇಳಿದ ಮೇಲೆ ಮುಚ್ಚಳ ತೆರೆಯಲು ಕಷ್ಟವಾಗುತ್ತದೆ. ಕ್ಯಾಮೆರಾದೊಳಗೆ ಬ್ಯಾಟರಿ ಇದ್ದರೆ ಸ್ವಿಚ್ಚನ್ನು ಪೂರ್ತಿ ಆರಿಸಿರಬೇಕು; ತೆಗೆದು ಕೈಚೀಲದಲ್ಲಿಡುವುದು ಇನ್ನೂ ಲೇಸು.

ಭದ್ರತಾ ತಪಾಸಣೆ

ನಮ್ಮ ನಿಲ್ದಾಣಗಳಲ್ಲಿ ಕ್ಯಾಮೆರಾ, ಚಾರ್ಜರ್, ಪವರ್ ಬ್ಯಾಂಕುಗಳನ್ನು ಚೀಲದಿಂದ ಹೊರತೆಗೆದು ಟ್ರೇಯಲ್ಲಿ ಇಡುವಂತೆ ಹೇಳುವುದು ಸಾಮಾನ್ಯ. ಹಿಂದಿನವರ ಅವಸರ ನೋಡಿ ಗಡಿಬಿಡಿಯಾದಾಗಲೇ ಲೆನ್ಸು ಕೈಜಾರುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಚೀಲದ ಮೇಲ್ಭಾಗದಲ್ಲಿ, ಬ್ಯಾಟರಿಗಳನ್ನೆಲ್ಲ ಒಂದೇ ಪಾರದರ್ಶಕ ಚೀಲದಲ್ಲಿ ಇಡಬೇಕು. ನಾವು ಲೋಹಶೋಧಕವನ್ನು ದಾಟುವ ಹೊತ್ತಿಗೇ ಟ್ರೇ ಯಂತ್ರದೊಳಗೆ ಹೋಗುವಂತೆ ನೋಡಿಕೊಳ್ಳಬೇಕು. ಇಬ್ಬರಿದ್ದರೆ ಒಬ್ಬರು ಮುಂದೆ ದಾಟಿ ಟ್ರೇಯನ್ನು ಕಾಯಬೇಕು.

ಎಕ್ಸ್-ರೇಯಿಂದ ಡಿಜಿಟಲ್ ಕ್ಯಾಮೆರಾಕ್ಕಾಗಲಿ ಮೆಮೊರಿ ಕಾರ್ಡಿಗಾಗಲಿ ಹಾನಿಯಿಲ್ಲ. ಫಿಲ್ಮ್ ರೋಲಿನ ಮಾತು ಬೇರೆ. ಕೈಚೀಲ ನೋಡುವ ಹಳೆಯ ಎಕ್ಸ್-ರೇ ಯಂತ್ರಗಳು ಐ.ಎಸ್.ಒ. 800ಕ್ಕಿಂತ ಕಡಿಮೆ ವೇಗದ ಫಿಲ್ಮಿಗೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಹೊಸ ಸಿ.ಟಿ. ಯಂತ್ರಗಳೂ ಚೆಕ್-ಇನ್ ಸಾಮಾನಿನ ಯಂತ್ರಗಳೂ ಫಿಲ್ಮನ್ನು ಮಂಜುಗಟ್ಟಿಸಿ ಕೆಡಿಸುತ್ತವೆ. ಅಜ್ಜನ ಕ್ಯಾಮೆರಾದಲ್ಲಿ ತೊಳೆಸದೆ ಉಳಿದ ರೋಲ್ ಇದ್ದರೆ ಅದನ್ನು ಪಾರದರ್ಶಕ ಚೀಲದಲ್ಲಿಟ್ಟು, ಕೈಯಿಂದಲೇ ಪರೀಕ್ಷಿಸುವಂತೆ ಅಧಿಕಾರಿಯನ್ನು ವಿನಯದಿಂದ ಕೇಳಬಹುದು. ಒಪ್ಪುವುದು ಬಿಡುವುದು ಅವರ ವಿವೇಚನೆ. ಊರಿನಲ್ಲೇ ತೊಳೆಸಿ ಹೊರಡುವುದು ನಿಶ್ಚಿಂತೆಯ ದಾರಿ.

ಸಣ್ಣ ವಿಮಾನಗಳಲ್ಲಿ

ಸಣ್ಣ ಊರುಗಳನ್ನು ಜೋಡಿಸುವ ಎ.ಟಿ.ಆರ್. 72 ಮಾದರಿಯ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಕೈಚೀಲ ಹಿಡಿಸದಿದ್ದರೆ ಸಿಬ್ಬಂದಿ ಅದನ್ನು ವಿಮಾನದ ಬಾಗಿಲಲ್ಲೇ ಪಡೆದು ಸರಕು ಕೋಣೆಗೆ ಹಾಕುತ್ತಾರೆ. ಆಗ ಬ್ಯಾಟರಿ ಮತ್ತು ಪವರ್ ಬ್ಯಾಂಕನ್ನು ಕಡ್ಡಾಯವಾಗಿ ಹೊರತೆಗೆಯಬೇಕು. ಇದಕ್ಕಾಗಿ ಮೊದಲೇ ಕ್ಯಾಮೆರಾ, ಮುಖ್ಯ ಲೆನ್ಸ್, ಬ್ಯಾಟರಿಗಳನ್ನು ದೊಡ್ಡ ಚೀಲದೊಳಗೆ ಒಂದು ಸಣ್ಣ ಚೀಲದಲ್ಲಿಟ್ಟಿದ್ದರೆ ಅರ್ಧ ನಿಮಿಷದಲ್ಲಿ ಎತ್ತಿಕೊಂಡು ಒಳಗೆ ಹೋಗಬಹುದು. ಆ ಸಣ್ಣ ಚೀಲ ಮುಂದಿನ ಆಸನದ ಕೆಳಗೆ ಹಿಡಿಸುತ್ತದೆ.

ತೇವ ಮತ್ತು ಬೂಷ್ಟು

ಕರಾವಳಿಯವರಿಗೆ ಇದು ಮುಖ್ಯ. ತಣ್ಣಗಿನ ವಿಮಾನದಿಂದ ಇಳಿದು ಮಂಗಳೂರಿನ ಅಥವಾ ಕಣ್ಣೂರಿನ ಮಳೆಗಾಲದ ಗಾಳಿಯಲ್ಲಿ ಕ್ಯಾಮೆರಾ ಹೊರತೆಗೆದರೆ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಲೆನ್ಸಿನ ಗಾಜೂ ಬೆವರುತ್ತದೆ. ಆ ಹನಿ ಒಳಗೆ ಸೇರಿದರೆ ವಿದ್ಯುತ್ ಭಾಗಗಳು ಕೆಡಬಹುದು, ಗಾಜಿನ ಮೇಲೆ ಬೂಷ್ಟು ಬೆಳೆಯಬಹುದು. ಚೀಲವನ್ನು ಒಂದೆರಡು ಗಂಟೆ ತೆರೆಯದೆ ಹಾಗೆಯೇ ಬಿಡಿ, ಸಲಕರಣೆ ಹೊರಗಿನ ಶಾಖಕ್ಕೆ ಮೆಲ್ಲನೆ ಹೊಂದಿಕೊಳ್ಳುತ್ತದೆ. ಚಳಿಗಾಲದ ದೆಹಲಿಯಲ್ಲಿ ಹೊರಗಿನಿಂದ ಬೆಚ್ಚಗಿನ ಕೋಣೆಗೆ ಬಂದಾಗಲೂ ಇದೇ ಕ್ರಮ.

ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ನೀಲಿ ಬಣ್ಣದ ಹರಳುಗಳು ನಸುಗೆಂಪಾದರೆ ಅವು ತೇವ ಹೀರಿ ತುಂಬಿವೆ ಎಂದರ್ಥ, ಬದಲಿಸಬೇಕು. ಅಕ್ಕಿ ಹಾಕುವ ವಾಡಿಕೆ ಬೇಡ. ಅದರ ಹುಡಿ ಲೆನ್ಸಿನ ಉಂಗುರಗಳ ಸಂದಿಗೆ ಸೇರುತ್ತದೆ.

ಚಿತ್ರಗಳನ್ನು ಉಳಿಸುವ ಬಗೆ

ಕ್ಯಾಮೆರಾ ಕಳೆದರೂ ಚಿತ್ರ ಉಳಿಯಬೇಕು ಎಂಬುದು ನಮ್ಮ ಗುರಿಯಾಗಿರಲಿ. ಪ್ರತಿ ರಾತ್ರಿ ಅಂದಿನ ಚಿತ್ರಗಳನ್ನು ಹಾರ್ಡ್ ಡಿಸ್ಕಿಗೋ ಮೊಬೈಲಿಗೋ ನಕಲು ಮಾಡಿ. ಮೂಲ ಕಾರ್ಡನ್ನು ಅಳಿಸದೆ ಜೇಬಿನಲ್ಲಿಟ್ಟುಕೊಂಡು, ನಕಲನ್ನು ಬೇರೆ ಚೀಲದಲ್ಲಿ, ಸಾಧ್ಯವಾದರೆ ಬೇರೆಯವರ ಬಳಿ ಇಡಿ. ಎರಡೂ ಒಂದೇ ಚೀಲದಲ್ಲಿದ್ದರೆ ನಕಲು ಮಾಡಿದ್ದೇ ವ್ಯರ್ಥ. ತಂಡವಾಗಿ ಹೋಗುವ ಶಾಲೆಗಳು ಒಬ್ಬ ಶಿಕ್ಷಕರ ಬಳಿ ಮೂಲವನ್ನೂ ಇನ್ನೊಬ್ಬರ ಬಳಿ ನಕಲನ್ನೂ ಇಡಿಸುವುದು ಯೋಗ್ಯ. ಕಾಣಲು ಸಣ್ಣ ಕೆಲಸ, ಆದರೆ ನಮ್ಮ ಶಾಲೆಗಳ ಚರಿತ್ರೆ ಉಳಿಯುವುದು ಇಂತಹ ಕೆಲಸಗಳಿಂದಲೇ.

ಸುಂಕ, ಡ್ರೋನ್ ಮತ್ತು ನಿಷೇಧಗಳು

ಬೆಲೆಬಾಳುವ ಕ್ಯಾಮೆರಾವನ್ನು ಭಾರತದಿಂದ ವಿದೇಶಕ್ಕೆ ಒಯ್ದು ಮರಳಿ ತರುವಾಗ, ಅದು ಅಲ್ಲಿ ಕೊಂಡದ್ದೆಂಬ ಸಂಶಯದಿಂದ ಸುಂಕ ಕೇಳುವ ಸಂದರ್ಭ ಬರಬಹುದು. ಇದನ್ನು ತಪ್ಪಿಸಲು ಹೊರಡುವಾಗಲೇ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯಿಂದ ರಫ್ತು ಪ್ರಮಾಣಪತ್ರ ಪಡೆಯಬಹುದು. ಅದಕ್ಕೆ ಕ್ಯಾಮೆರಾವನ್ನು ತೋರಿಸಿ ಸೀರಿಯಲ್ ಸಂಖ್ಯೆ ನಮೂದಿಸಬೇಕು. ಹಣ ಪಡೆದು ಚಿತ್ರೀಕರಣಕ್ಕೆ ಹೋಗುವ ವೃತ್ತಿಪರರಿಗೆ ಎ.ಟಿ.ಎ. ಕಾರ್ನೆ ಎಂಬ ದಾಖಲೆಯಿದೆ. ಭಾರತದಲ್ಲಿ ಅದನ್ನು ಫಿಕ್ಕಿ ಸಂಸ್ಥೆ ನೀಡುತ್ತದೆ.

ಕೊಲ್ಲಿಯಿಂದ ಬರುವವರು ಮಕ್ಕಳಿಗೆಂದು ಡ್ರೋನ್ ತರುವ ಯೋಚನೆ ಬಿಡಬೇಕು. ಭಾರತವು 2022ರ ಫೆಬ್ರವರಿಯಲ್ಲಿ ಡ್ರೋನ್ ಆಮದನ್ನು ನಿಷೇಧಿಸಿದೆ. ರಕ್ಷಣೆ, ಭದ್ರತೆ, ಸಂಶೋಧನೆಗಳಿಗೆ ಮಾತ್ರ ವಿನಾಯಿತಿಯಿದ್ದು, ಸಾಮಾನ್ಯ ಪ್ರಯಾಣಿಕರು ತಂದದ್ದನ್ನು ಕಸ್ಟಮ್ಸ್ ವಶಪಡಿಸಿಕೊಳ್ಳುತ್ತದೆ.

ಗೋವಾದ ದಾಬೋಲಿಂ ನೌಕಾಪಡೆಯ ನೆಲೆ, ಪುಣೆ ವಾಯುಪಡೆಯ ನೆಲೆ. ಇಂತಹ ರಕ್ಷಣಾ ನಿಲ್ದಾಣಗಳಲ್ಲಿ ಚಿತ್ರ ತೆಗೆಯುವಂತಿಲ್ಲ. ಕಿಟಕಿಯಿಂದ ಮಕ್ಕಳು ಮೊಬೈಲ್ ಹಿಡಿಯದಂತೆ ಹಿರಿಯರು ನೋಡಿಕೊಳ್ಳಬೇಕು.

ಹಾನಿಯಾದರೆ ಏನು ಮಾಡಬೇಕು?

ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಗಿಟಾರು 2008ರಲ್ಲಿ ಯುನೈಟೆಡ್ ಸಂಸ್ಥೆಯ ವಿಮಾನ ಪ್ರಯಾಣದಲ್ಲಿ ಮುರಿಯಿತು. 24 ಗಂಟೆಯೊಳಗೆ ದೂರು ಸಲ್ಲಿಸಿಲ್ಲವೆಂದು ಸಂಸ್ಥೆ ಪರಿಹಾರ ನಿರಾಕರಿಸಿತು. ಅವರು 2009ರಲ್ಲಿ ಆ ಕುರಿತು ಹಾಡಿದ ಹಾಡು ಜಗತ್ತಿನಲ್ಲೆಲ್ಲ ಹರಡಿತು. ನಮಗೆ ಅದರಲ್ಲಿರುವ ಪಾಠವೆಂದರೆ, ದೂರಿಗೆ ಗಡುವು ಇರುತ್ತದೆ.

ಬೆಲ್ಟಿನಿಂದ ಸಾಮಾನು ತೆಗೆದೊಡನೆ ಅಲ್ಲೇ ತೆರೆದು ನೋಡಬೇಕು. ಹಾನಿ ಕಂಡರೆ ನಿಲ್ದಾಣ ಬಿಡುವ ಮೊದಲೇ ಸಂಸ್ಥೆಯ ಕೌಂಟರಿನಲ್ಲಿ ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್, ಅಂದರೆ ಪಿ.ಐ.ಆರ್. ಎಂಬ ಲಿಖಿತ ವರದಿ ಮಾಡಿಸಿ ಪ್ರತಿ ಪಡೆಯಬೇಕು. ಚೀಲದ ಮತ್ತು ಮುರಿದ ವಸ್ತುವಿನ ಚಿತ್ರ ತೆಗೆಯಬೇಕು. ಬೋರ್ಡಿಂಗ್ ಪಾಸ್ ಹಾಗೂ ಬ್ಯಾಗೇಜ್ ಟ್ಯಾಗನ್ನು ಎಸೆಯಬಾರದು. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ ಎಂದು ಹಿಂಜರಿಯಬೇಕಿಲ್ಲ. ನಡೆದದ್ದನ್ನು ಮೊದಲು ಕನ್ನಡದಲ್ಲಿ ಕ್ರಮವಾಗಿ ಬರೆದುಕೊಂಡು, ಸಿಬ್ಬಂದಿಯ ನೆರವಿನಿಂದ ತುಂಬಿಸಬಹುದು. ಅರ್ಥವಾಗದ ಯಾವುದೇ ಕಾಗದಕ್ಕೆ, ಮುಖ್ಯವಾಗಿ ಹೊಣೆಯಿಂದ ಬಿಡುಗಡೆ ಮಾಡುವ ಕಾಗದಕ್ಕೆ, ಓದಿಸಿಕೊಳ್ಳದೆ ಸಹಿ ಹಾಕಬಾರದು.

ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ ಇದನ್ನು 2009ರಲ್ಲಿ ಸೇರಿತು. ಕೊಲ್ಲಿ ರಾಷ್ಟ್ರಗಳೂ ಇದರಲ್ಲಿವೆ. ಅದರಂತೆ ಚೆಕ್-ಇನ್ ಸಾಮಾನಿನ ಹಾನಿಯನ್ನು 7 ದಿನದೊಳಗೆ, ತಡವಾದುದನ್ನು ಕೈಸೇರಿದ 21 ದಿನದೊಳಗೆ ಲಿಖಿತವಾಗಿ ದೂರಬೇಕು. 21 ದಿನ ಕಳೆದರೂ ಬಾರದ ಸಾಮಾನನ್ನು ಕಳೆದುಹೋದದ್ದೆಂದು ಪರಿಗಣಿಸಿ ಪರಿಹಾರ ಕೇಳಬಹುದು. ದಾವೆಗೆ 2 ವರ್ಷದ ಅವಧಿಯಿದೆ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್.ಡಿ.ಆರ್. ಇದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. ರೂಪಾಯಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚಾಗುತ್ತದೆ. ಕೈಚೀಲಕ್ಕಾದ ಹಾನಿಗೆ ಸಂಸ್ಥೆಯ ತಪ್ಪು ಸಾಬೀತಾದರೆ ಮಾತ್ರ ಅದು ಹೊಣೆಯಾಗುತ್ತದೆ.

ದೇಶದೊಳಗಿನ ಪ್ರಯಾಣದಲ್ಲಿ ಮಿತಿ ಒಬ್ಬರಿಗೆ 20,000 ರೂಪಾಯಿ ಮಾತ್ರ. ಒಂದು ಸಾಧಾರಣ ಕ್ಯಾಮೆರಾದ ಬೆಲೆಗೂ ಇದು ಸಾಲದು. ಪರಿಹಾರವನ್ನು ನೆಚ್ಚಿಕೊಂಡು ಕ್ಯಾಮೆರಾವನ್ನು ಚೆಕ್-ಇನ್ ಮಾಡಬಾರದೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ದುಬಾರಿ ಸಲಕರಣೆ ಇರುವವರು ವಿಮೆ ಮಾಡಿಸಬೇಕು. ವಿಮಾನ ಪ್ರಯಾಣದ ಹಾನಿಯೂ ಕಳ್ಳತನವೂ ಅದರಲ್ಲಿ ಸೇರಿವೆಯೇ, ಒಂದು ವಸ್ತುವಿಗೆ ಎಷ್ಟು ಮಿತಿ ಎಂಬುದನ್ನು ಓದಿಯೇ ಕಂತು ಕಟ್ಟಬೇಕು.

ಸಂಸ್ಥೆ ಉತ್ತರಿಸದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಬಹುದು. ಮುಂದಿನ ಹಂತ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಾಸರಗೋಡಿನವರು ಕಾಸರಗೋಡಿನಲ್ಲಿ, ಸೊಲ್ಲಾಪುರದವರು ಸೊಲ್ಲಾಪುರದಲ್ಲಿ. ವಿಮಾನ ಸಂಸ್ಥೆಯ ಕಚೇರಿ ಇರುವ ಮಹಾನಗರಕ್ಕೆ ಅಲೆಯಬೇಕಾಗಿಲ್ಲ.

ಹೊರಡುವ ಮುನ್ನಾದಿನದ ಪಟ್ಟಿ

1. ಕ್ಯಾಮೆರಾ, ಲೆನ್ಸುಗಳ ಸೀರಿಯಲ್ ಸಂಖ್ಯೆ ಮತ್ತು ಬಿಲ್ಲಿನ ಚಿತ್ರ ಮೊಬೈಲಿನಲ್ಲಿಯೂ ಮನೆಯವರಲ್ಲಿಯೂ ಇದೆಯೇ?
2. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲವೂ ಕೈಚೀಲದಲ್ಲಿವೆಯೇ? ತುದಿಗಳು ಮುಚ್ಚಿವೆಯೇ?
3. ತುಂಬಿದ ಕೈಚೀಲದ ತೂಕ ಟಿಕೆಟಿನ ಮಿತಿಯೊಳಗಿದೆಯೇ?
4. ಅವಸರದಲ್ಲಿ ಎತ್ತಿಕೊಳ್ಳಬಹುದಾದ ಸಣ್ಣ ಒಳಚೀಲ ಸಿದ್ಧವಿದೆಯೇ?
5. ಹಳೆಯ ಚಿತ್ರಗಳನ್ನು ಮನೆಯಲ್ಲಿ ನಕಲು ಮಾಡಿ, ಖಾಲಿ ಕಾರ್ಡು ತೆಗೆದುಕೊಂಡಿದ್ದೀರಾ?
6. ಸಿಲಿಕಾ ಜೆಲ್ ಹಾಕಿದೆಯೇ?
7. ವಿದೇಶ ಪ್ರಯಾಣವಾದರೆ ರಫ್ತು ಪ್ರಮಾಣಪತ್ರಕ್ಕಾಗಿ ಒಂದು ಗಂಟೆ ಹೆಚ್ಚು ಸಮಯ ಇಟ್ಟುಕೊಂಡಿದ್ದೀರಾ?

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಚೀಲದ ಒಳಜೇಬಿನಲ್ಲಿಡುವ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸಬಹುದು. ವಿಮಾನ ಸಂಸ್ಥೆಗಳ ನಿಯಮಗಳು ಆಗಾಗ ಬದಲಾಗುವುದರಿಂದ, ಟಿಕೆಟ್ ಕೊಂಡ ದಿನವೊಮ್ಮೆ ಮತ್ತು ಹೊರಡುವ ಹಿಂದಿನ ದಿನವೊಮ್ಮೆ ಆಯಾ ಸಂಸ್ಥೆಯ ಸಾಮಾನಿನ ನಿಯಮಗಳನ್ನು ಓದಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.